ರಾಯಭಾರಕ್ಕೂ ಮೊದಲು ಪುರಸಭೆ

ಮಾನ್ಯ ಸಂಪಾದಕರೇ,

ಮಹಿಳಾ ರಾಯಭಾರಿಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ವಿಜಯಲಕ್ಷ್ಮಿ ಪಂಡಿತ್ ಅವರ ಪಾಲಿಗೆ ಬಂದದ್ದು ಎರಡೇ ಮಾತು: ನೆಹರೂ ಅವರ ತಂಗಿ, ಹಾಗೂ 1953ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಅಧ್ಯಕ್ಷ ಪೀಠ ಏರಿದ ಮೊದಲ ಮಹಿಳೆ. ಎರಡೂ ನಿಜವೇ. ಆದರೆ ಅದಕ್ಕೆ ಎಷ್ಟೋ ಮೊದಲೇ ಅವರು ಅಲಹಾಬಾದ್ ಪುರಸಭೆಯ ಸದಸ್ಯರಾಗಿ ಅದರ ಶಿಕ್ಷಣ ಸಮಿತಿಯನ್ನು ನಡೆಸಿದ್ದರು; 1937ರ ಚುನಾವಣೆಯಲ್ಲಿ ಗೆದ್ದು ಸಂಯುಕ್ತ ಪ್ರಾಂತದ (ಇಂದಿನ ಉತ್ತರ ಪ್ರದೇಶ) ಶಾಸನಸಭೆ ಸೇರಿ, ಸ್ಥಳೀಯ ಸ್ವಯಮಾಡಳಿತ ಹಾಗೂ ಸಾರ್ವಜನಿಕ ಆರೋಗ್ಯ ಖಾತೆಯ ಸಚಿವರಾಗಿದ್ದರು. ಲೇಖನದಲ್ಲಿ ಇದರ ಸುಳಿವೇ ಇಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಕಾರ್ಯದರ್ಶಿಯಾಗಿ ಸೇವೆ ಮುಗಿಸಿದ ನನಗೆ ಅವರ ರಾಯಭಾರದ ಬೇರು ಅಲ್ಲಿಯೇ ಕಾಣುತ್ತದೆ.

ದಕ್ಷಿಣ ಆಫ್ರಿಕಾದ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂದು ಗೆರೆ ಎಳೆದ ಕಾನೂನಿನ ವಿರುದ್ಧ 1946ರಲ್ಲಿ ಭಾರತ ವಿಶ್ವಸಂಸ್ಥೆಗೆ ದೂರು ಒಯ್ದಾಗ ನಿಯೋಗದ ಮುಖ್ಯಸ್ಥರು ಇವರೇ. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಎದುರಾಳಿ ದಕ್ಷಿಣ ಆಫ್ರಿಕಾದ ಪ್ರಧಾನಿ ಜನರಲ್ ಸ್ಮಟ್ಸ್, ಅವರ ಬೆನ್ನಿಗೆ ಬ್ರಿಟನ್ ಮತ್ತು ಅಮೆರಿಕ. ನಿರ್ಣಯ ಅಂಗೀಕಾರವಾಗಲು ಮೂರನೇ ಎರಡರಷ್ಟು ಮತ ಬೇಕೆಂದು ಸಭೆ ತೀರ್ಮಾನಿಸಿತ್ತು. ನಮ್ಮ ಪಂಚಾಯಿತಿಗಳಲ್ಲಿ ಅಧ್ಯಕ್ಷರ ಮೇಲಿನ ಅವಿಶ್ವಾಸ ನಿರ್ಣಯಕ್ಕೂ ಇಷ್ಟೇ ಬಹುಮತ ಬೇಕು. ಎತ್ತಿದ ಕೈಗಳನ್ನು ಎರಡೆರಡು ಸಲ ಎಣಿಸಿ ನಡಾವಳಿ ಪುಸ್ತಕದಲ್ಲಿ ಬರೆಯುವಾಗ ನನ್ನ ಕೈ ಬೆವರಿದ್ದುಂಟು. (ಸದಸ್ಯರನ್ನು ಟೂರಿಗೆ ಕರೆದೊಯ್ಯುವ ನಮ್ಮ ಕಡೆಯ ಪದ್ಧತಿ ಅಲ್ಲಿ ಇರಲಿಲ್ಲವೆಂದು ನಂಬಿದ್ದೇನೆ.) ಅಂದು ಪರವಾಗಿ 32, ವಿರುದ್ಧ 15 ಮತಗಳು ಬಿದ್ದವು, 7 ದೇಶಗಳು ತಟಸ್ಥವಾಗಿ ಉಳಿದವು. ಪರ ಇದ್ದ ಒಂದೇ ಒಂದು ದೇಶ ವಿರುದ್ಧದ ಕಡೆ ವಾಲಿದ್ದರೂ ನಿರ್ಣಯ ಬಿದ್ದುಹೋಗುತ್ತಿತ್ತು. ಗೆದ್ದ ಮೇಲೆ ಅವರು ಸ್ಮಟ್ಸ್ ಅವರ ಬಳಿಗೆ ತಾವೇ ಹೋಗಿ, ಗಾಂಧೀಜಿಯವರ ಮಾತಿನಂತೆ, ನೋವಾಗುವ ಮಾತು ಬಂದಿದ್ದರೆ ಕ್ಷಮಿಸಬೇಕೆಂದು ಕೇಳಿದರು. ಸಭೆ ಮುಗಿದ ಮೇಲೂ ಎದುರು ಪಕ್ಷದವರೊಡನೆ ಮುಖ ಕೊಟ್ಟು ಮಾತಾಡುವ ರೂಢಿ ಶಾಸನಸಭೆಯಲ್ಲಿ ಕುಳಿತವರಿಗೆ ಇರುತ್ತದೆ.

ಮಾಸ್ಕೋಗೆ ಅವರನ್ನು 1947ರಲ್ಲಿ ಕಳಿಸಿದ್ದು ಅಣ್ಣನ ಸರ್ಕಾರವೇ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಅಲ್ಲಿ ಅವರಿಗೆ ಹೆಚ್ಚೇನೂ ಕೈಗೂಡಲಿಲ್ಲ. ಸ್ಟಾಲಿನ್ ಭೇಟಿಯನ್ನೂ ಕೊಡಲಿಲ್ಲ. ಆನಂತರ ವಾಷಿಂಗ್ಟನ್‌ನಲ್ಲಿ ರಾಯಭಾರಿಯಾಗಿ, 1954ರಿಂದ 1961ರವರೆಗೆ ಲಂಡನ್ನಿನಲ್ಲಿ ಹೈಕಮಿಷನರ್ ಆಗಿ ದುಡಿದ ಅವರು, 1964ರಲ್ಲಿ ಅಣ್ಣನ ಕ್ಷೇತ್ರವಾಗಿದ್ದ ಫೂಲ್‌ಪುರದಿಂದ ಮತ್ತೆ ಲೋಕಸಭೆಗೆ ಬಂದರು. 1977ರಲ್ಲಂತೂ ನಿವೃತ್ತಿಯನ್ನು ಬದಿಗಿಟ್ಟು, ತುರ್ತು ಪರಿಸ್ಥಿತಿ ಹೇರಿದ ಸೋದರ ಸೊಸೆ ಇಂದಿರಾ ಅವರ ವಿರುದ್ಧವೇ ಪ್ರಚಾರಕ್ಕೆ ಇಳಿದರು. ಬರೀ ತಂಗಿಯೆಂದು ಗುರುತಿಸಿ ಮುಗಿಸಿದರೆ ಈ ಭಾಗವನ್ನು ಎಲ್ಲಿ ಇಡುವುದು?

ಇಂಥ ಲೇಖನಗಳನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮೂರ ಮಕ್ಕಳು ಕತ್ತರಿಸಿ ವಹಿಗೆ ಅಂಟಿಸಿಕೊಳ್ಳುತ್ತಾರೆ. ಆದ್ದರಿಂದ ಮುಂದಿನ ಸಲ ಅಲಹಾಬಾದ್ ಪುರಸಭೆಗೂ ಒಂದು ಸಾಲು ಕೊಡಬೇಕೆಂದು ವಿನಂತಿ.

– ನಿವೃತ್ತ ಗ್ರಾಮ ಪಂಚಾಯಿತಿ ಕಾರ್ಯದರ್ಶಿ, ಸಿಂದಗಿ, ವಿಜಯಪುರ ಜಿಲ್ಲೆ