ಚಿಕ್ಕಪ್ಪನ ಕಲ್ಚರ್ ರಿಪೋರ್ಟಿನ ವಿಷಯ

ಮ್ಯಾಡಿಸನ್, ವಿಸ್ಕಾನ್ಸಿನ್, ಅಮೆರಿಕ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಶುಭಾ ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ಚಿಕ್ಕಪ್ಪನವರನ್ನು ಐಸಿಯುನಿಂದ ವಾರ್ಡಿಗೆ ತಂದರೆಂದು ತಿಳಿದು ಸಮಾಧಾನವಾಯಿತು.

ಅಷ್ಟು ದುಬಾರಿಯ ಮೆರೊಪೆನೆಮ್ ಎಂಬ ಆಂಟಿಬಯೋಟಿಕ್ ಎಂಟು ದಿನ ಕೊಟ್ಟರೂ ಜ್ವರ ಇಳಿಯಲಿಲ್ಲವೇಕೆ, ಔಷಧಿಯೇ ಕಳಪೆಯೋ, ಡಾಕ್ಟರರೇ ತಪ್ಪಿದರೋ ಎಂದು ನೀವು ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ರಕ್ತದಲ್ಲಿನ ಬ್ಯಾಕ್ಟೀರಿಯವನ್ನು ಬೆಳೆಸಿ ಗುರುತಿಸಿದ, ತಮ್ಮ ಕಳಿಸಿದ ಕಲ್ಚರ್ ರಿಪೋರ್ಟಿನಲ್ಲಿರುವ ಹೆಸರು ಎಲಿಜಬೆತ್‌ಕಿಂಗಿಯಾ ಅನೋಫೆಲಿಸ್ ಎಂಬ ಬ್ಯಾಕ್ಟೀರಿಯದ್ದು. ಎಲಿಜಬೆತ್ ಕಿಂಗ್ ಎಂಬ ಅಮೆರಿಕದ ವಿಜ್ಞಾನಿ, ಮೆದುಳುಪೊರೆಯ ಉರಿಯೂತಕ್ಕೆ ತುತ್ತಾದ ಹಸುಗೂಸುಗಳಲ್ಲಿ ಸಿಕ್ಕ ಇದರ ಹತ್ತಿರದ ಸಂಬಂಧಿಯನ್ನು 1959ರಲ್ಲಿ ವಿವರಿಸಿದ್ದರು. 2005ರಲ್ಲಿ ಆ ಕುಲಕ್ಕೆ ಆಕೆಯ ಹೆಸರನ್ನೇ ಇಟ್ಟರು. ಚಿಕ್ಕಪ್ಪನವರ ರಕ್ತದಲ್ಲಿ ಸಿಕ್ಕ ಪ್ರಭೇದವನ್ನು 2011ರಲ್ಲಿ ಅನೋಫೆಲಿಸ್ ಜಾತಿಯ ಸೊಳ್ಳೆಯ ಕರುಳಿನಿಂದ ಬೇರ್ಪಡಿಸಿ ಹೆಸರಿಸಿದ್ದರಿಂದ ಅನೋಫೆಲಿಸ್ ಎಂಬುದು ಸೇರಿಕೊಂಡಿತು. ಸೊಳ್ಳೆ ಕಚ್ಚಿ ಬಂತೆಂದು ಅಮ್ಮ ಹೆದರುವುದು ಬೇಡ. ಇದು ಮಣ್ಣಿನಲ್ಲಿ, ನೀರಿನಲ್ಲಿ ಇರುವಂಥದ್ದು. ಆಸ್ಪತ್ರೆಗಳ ನಲ್ಲಿ, ಸಿಂಕುಗಳಲ್ಲಿ ಅಂಟುಪದರ ಕಟ್ಟಿಕೊಂಡು ಉಳಿಯಬಲ್ಲದು. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಮಾಡದೆ, ವೆಂಟಿಲೇಟರಿನಲ್ಲಿ ಇರುವವರ, ಕುತ್ತಿಗೆಯ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರ, ಶಕ್ತಿಗುಂದಿದವರ ಮೈಯನ್ನು ಹೊಕ್ಕುಬಿಡುತ್ತದೆ.

ಮೆರೊಪೆನೆಮನ್ನು ಒಡೆದುಹಾಕುವ ಎರಡು ಕಿಣ್ವಗಳನ್ನು ತಯಾರಿಸುವ ಸೂಚನೆ ಇದರ ಸ್ವಂತ ವರ್ಣತಂತುವಿನಲ್ಲೇ ಬರೆದಿದೆ. ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಗಳು ಅಂಥ ಶಕ್ತಿಯನ್ನು ಬೇರೆಯವುಗಳಿಂದ ಪಡೆದುಕೊಂಡರೆ, ಇದಕ್ಕೆ ಅದು ಹುಟ್ಟಿನಿಂದಲೇ ಬಂದದ್ದು. ಕೊನೆಯ ಆಸರೆಯೆಂದು ಇಟ್ಟುಕೊಂಡಿರುವ ಕೊಲಿಸ್ಟಿನ್ ಎಂಬ ಔಷಧಿ ಕೂಡ ಇದರ ಮುಂದೆ ನಡೆಯುವುದಿಲ್ಲ. ಕಳೆನಾಶಕ ಹೊಡೆಸಿದ ವರ್ಷ ಮೇಲಿನ ಗದ್ದೆಯಲ್ಲಿ ಬೇರೆ ಹುಲ್ಲೆಲ್ಲ ಒಣಗಿ, ನೆಲದೊಳಗೆ ಗಡ್ಡೆಯಿದ್ದ ಜೇಕು ಮಾತ್ರ ಹಿಂದೆಂದೂ ಇಲ್ಲದಷ್ಟು ಹಬ್ಬಿತ್ತಲ್ಲ, ನಿಮಗೆ ನೆನಪಿರಬೇಕು. ಹಾಗೆಯೇ ಮೆರೊಪೆನೆಮ್ ಉಳಿದ ಬ್ಯಾಕ್ಟೀರಿಯಗಳನ್ನು ಸಾಯಿಸಿದಷ್ಟೂ ಇದಕ್ಕೆ ಜಾಗ ಬಿಡುವಾಗುತ್ತದೆ. ಔಷಧಿ ಕಳಪೆಯಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ರಕ್ತದೊತ್ತಡ ಕುಸಿಯುತ್ತಿದ್ದ ಆ ರಾತ್ರಿ, ರಿಪೋರ್ಟಿಗೆ ಎರಡು ಮೂರು ದಿನ ಕಾಯುತ್ತ ಕೂರಲು ಯಾವ ಡಾಕ್ಟರಿಗೂ ಸಾಧ್ಯವಿರಲಿಲ್ಲ.

ನಾನು ಇಲ್ಲಿಗೆ ಬರುವ ಮೊದಲು, 2015–16ರಲ್ಲಿ, ಇದೇ ವಿಸ್ಕಾನ್ಸಿನ್‌ನಲ್ಲಿ ಈ ಬ್ಯಾಕ್ಟೀರಿಯ 63 ಜನರಿಗೆ ತಗುಲಿ 18 ಮಂದಿ ತೀರಿಕೊಂಡರು. ಹೆಚ್ಚಿನವರು 65 ದಾಟಿದ, ಮೊದಲೇ ಬೇರೆ ಕಾಯಿಲೆಯಿದ್ದ ಹಿರಿಯರು. ಸಾವಿಗೆ ಇದೇ ಕಾರಣವೋ ಹಳೆಯ ಕಾಯಿಲೆಯೋ ಎಂದು ಬಿಡಿಸಿ ಹೇಳಲಾಗಲಿಲ್ಲ. ಎಲ್ಲೆಲ್ಲಿ ಹುಡುಕಿದರೂ ಮೂಲ ಸಿಗಲಿಲ್ಲ. ಆ ತಳಿಯಲ್ಲಿ ಡಿಎನ್‌ಎಯ ತಪ್ಪು ತಿದ್ದುವ ಒಂದು ಜೀನ್ ಮುರಿದು, ಅದು ಬೇಗ ಬೇಗ ಬದಲಾಗುತ್ತಿತ್ತೆಂದು ಆಮೇಲೆ ಗೊತ್ತಾಯಿತು. ಹೆಸರಿಲ್ಲದೆ ಅಂಕಿಗಳಾಗಿ ಉಳಿದ ಆ ಹಿರಿಯರನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈಗ ಅದೇ ಹೆಸರು ನಮ್ಮ ಮನೆಯ ರಿಪೋರ್ಟಿನಲ್ಲಿ ಕಂಡಾಗ ಕೈ ನಡುಗಿತು.

ಚಿಕ್ಕಪ್ಪನವರಿಗೆ ಈಗ ಕೊಡುತ್ತಿರುವ ಮಿನೊಸೈಕ್ಲಿನ್ ಐವತ್ತು ವರ್ಷಕ್ಕಿಂತ ಹಳೆಯ ಔಷಧಿ. ಹೊಸತೂ ದುಬಾರಿಯೂ ಅಲ್ಲವೆಂದು ಅನುಮಾನ ಬೇಡ. ರಿಪೋರ್ಟಿನಲ್ಲಿ ಅದರ ಎದುರು ಸೆನ್ಸಿಟಿವ್, ಅಂದರೆ ಬ್ಯಾಕ್ಟೀರಿಯ ಅದಕ್ಕೆ ಮಣಿಯುತ್ತದೆ ಎಂದಿದೆ, ಜ್ವರವೂ ಇಳಿದಿದೆ. ಕುತ್ತಿಗೆಯ ಕೊಳವೆಯನ್ನು ಯಾವಾಗ ತೆಗೆಯುತ್ತಾರೆಂದು ಡಾಕ್ಟರರನ್ನು ವಿನಯದಿಂದಲೇ ದಿನವೂ ಕೇಳಿರಿ. ಉಳಿದ ಕಾಫಿ, ಗಂಜಿ, ಎಳನೀರನ್ನು ಕೈತೊಳೆಯುವ ಸಿಂಕಿಗೆ ಸುರಿಯಬೇಡಿರೆಂದು ಚಿಕ್ಕಮ್ಮನಿಗೂ ತಿಳಿಸಿರಿ, ಅದು ಸಿಂಕಿನ ಕೊಳವೆಯೊಳಗಿನ ಬ್ಯಾಕ್ಟೀರಿಯಗಳಿಗೆ ಆಹಾರವಾಗುತ್ತದೆ.

ಮುಂದಿನ ರಿಪೋರ್ಟ್ ಬಂದ ಕೂಡಲೇ ತಮ್ಮ ಎರಡೂ ಪುಟಗಳ ಫೋಟೊ ಕಳಿಸಲಿ. ಈ ಸಲ ಎರಡನೆಯ ಪುಟದ ಕೆಳಗಿನ ನಾಲ್ಕು ಸಾಲು ಕಾಣಿಸುತ್ತಿರಲಿಲ್ಲ.

ಇಂತಿ ನಿಮ್ಮ ಮಗಳು,
ಶುಭಾ