ಶಾಸಕರೇ, ಗುರುವಾರ ಮಗೂಗೆ ಇಂಜೆಕ್ಷನ್ ಹಾಕಿಸ್ತೀರಲ್ಲ, ಅವತ್ತೇ ಬಾಣಂತೀನೂ ನೋಡಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರಳು, ಏಳು ತಿಂಗಳ ಹೆಣ್ಣು ಮಗುವಿನ ತಾಯಿ. ಈ ಪತ್ರ ಬರೀಬೇಕು ಅಂತ ಅಂದ್ಕೊಂಡಿದ್ದು ಹೆರಿಗೆ ಆದ ಎರಡನೇ ವಾರದಲ್ಲೇ, ಆದ್ರೆ ಆಗ ನನಗೆ ಕೂತ್ಕೊಳ್ಳೋಕೇ ಆಗ್ತಿರ್ಲಿಲ್ಲ. ಆಮೇಲೆ ಮಗು, ಮನೆ, ರಾತ್ರಿ ನಿದ್ದೆ ಇಲ್ಲ, ಹಾಗೇ ತಳ್ಕೊಂಡು ಬಂದೆ. ಹೋದ ವಾರ ನಮ್ಮ ಪಕ್ಕದ ಬೀದಿ ಹುಡುಗಿ ಹೆರಿಗೆ ಆಗಿ ಎರಡನೇ ದಿನಕ್ಕೇ ಆಟೋದಲ್ಲಿ ಮನೆಗೆ ಬಂದಿದ್ದು ನೋಡಿದೆ, ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಆಟೋ ಕಂಬಿ, ಮುಖ ಬಿಳಿಚ್ಕೊಂಡಿತ್ತು. ಅವತ್ತೇ ರಾತ್ರಿ ಬರೆಯೋಕೆ ಕೂತೆ.

ನಾನು ಕೇಳ್ತಿರೋದು ಒಂದೇ. ಪ್ರತಿ ಗುರುವಾರ ಮಕ್ಕಳಿಗೆ ಇಂಜೆಕ್ಷನ್ ಹಾಕೋ ದಿನ, ಅವತ್ತೇ ಆ ಮಗೂನ ಎತ್ಕೊಂಡು ಬಂದಿರೋ ತಾಯಿನೂ ಪರೀಕ್ಷೆ ಮಾಡ್ಬೇಕು. ಒಂದು ಪರದೆ, ಒಂದು ಮಂಚ, ಒಬ್ಬ ಸಿಸ್ಟರ್, ಒಂದು ಬಿಪಿ ಮಿಷನ್ನು ಸಾಕು. ತಾಲೂಕು ಆಸ್ಪತ್ರೆ ಆರೋಗ್ಯ ರಕ್ಷಾ ಸಮಿತಿಗೆ ನೀವೇ ಅಧ್ಯಕ್ಷರು, ಇದಕ್ಕೆ ನೀವು ಬೆಂಗಳೂರಿಗೆ ಹೋಗಿ ಯಾರ ಹತ್ರಾನೂ ಕೇಳ್ಬೇಕಾಗಿಲ್ಲ.

ನಿಯಮ ಎಲ್ಲಾ ನಿಮಗೆ ಗೊತ್ತೇ ಇದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ನಾರ್ಮಲ್ ಹೆರಿಗೆ ಆದ್ರೂ 48 ಗಂಟೆ ಇಟ್ಕೊಳ್ಬೇಕು, ಊಟ ಆಸ್ಪತ್ರೆದೇ, ಔಷಧಿ ಆಸ್ಪತ್ರೆದೇ, ಮನೆಗೆ ವಾಪಸ್ ಬಿಡೋಕೆ ಗಾಡಿನೂ ಸರ್ಕಾರದ್ದೇ, ಅದಕ್ಕೇ ಅಲ್ವಾ ನಗು ಮಗು ಗಾಡಿ ಅಂತ ಇರೋದು. ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬಂದು ನೋಡ್ಬೇಕು. ಐರನ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ 180 ದಿನ ಕೊಡ್ಬೇಕು. ಇಷ್ಟೂ ಇದೆ, ಕಾಗದದ ಮೇಲೆ ನಮಗೆ ಏನೂ ಕಮ್ಮಿ ಇಲ್ಲ.

ನನಗೆ ಆಗಿದ್ದು ಹೇಳ್ತೀನಿ ಸಾರ್, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಸೋಮವಾರ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಹೆರಿಗೆ ಆಯ್ತು. ಮಗು 2 ಕೆಜಿ 900 ಗ್ರಾಂ. ಕೆಳಗೆ ಕೊಯ್ದು ಹೊಲಿಗೆ ಹಾಕಿದ್ರು, ಎಷ್ಟು ಹೊಲಿಗೆ ಅಂತ ಕೇಳಿದ್ರೆ ಯಾರೂ ಹೇಳ್ಲಿಲ್ಲ. ಬಾಣಂತಿ ವಾರ್ಡಿನ ಟಾಯ್ಲೆಟ್ಟಿಗೆ ಚಿಲಕ ಇಲ್ಲ, ನಲ್ಲೀಲಿ ನೀರಿಲ್ಲ, ಕಾರಿಡಾರ್ ಕೊನೇಲಿರೋ ಡ್ರಮ್ಮಿಂದ ಬಕೆಟ್ಟಲ್ಲಿ ಹೊತ್ಕೊಂಡು ಬರ್ಬೇಕು. ಕುಕ್ಕರಗಾಲಲ್ಲಿ ಕೂರೋ ಟಾಯ್ಲೆಟ್ಟು. ಹಸಿ ಹೊಲಿಗೆ ಇಟ್ಕೊಂಡು ನಾನು ಗೋಡೆ ಹಿಡ್ಕೊಂಡು ಅರ್ಧ ನಿಂತು ಅರ್ಧ ಕೂತು, ಹೊರಗೆ ನಮ್ಮಮ್ಮ ಒಂದು ಕೈಯಲ್ಲಿ ಬಾಗಿಲು ಎಳೆದು ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಸೆರಗು ಅಡ್ಡ ಹಿಡ್ಕೊಂಡು ನಿಂತಿದ್ರು, ಯಾಕಂದ್ರೆ ಆ ಕಡೆ ಗಂಡಸರು ಓಡಾಡ್ತಿದ್ರು. ಬಿಸಿನೀರು ಬೇಕು ಅಂದ್ರೆ ಎದುರಿನ ಹೋಟೆಲ್ಲಿಂದ ಫ್ಲಾಸ್ಕಲ್ಲಿ ತರ್ಬೇಕು, ಫ್ಲಾಸ್ಕಿಗೆ ಇಪ್ಪತ್ತು ರೂಪಾಯಿ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ, ಲೆಕ್ಕ ಹಾಕಿ ಸಾರ್, 34 ಗಂಟೆ ಕೂಡ ಆಗಿರ್ಲಿಲ್ಲ, ಬೆಡ್ ಬೇಕು ಹೊರಡಿ ಅಂದ್ರು. ಗಾಡಿ ಕೇಳಿದ್ರೆ ಟೈರ್ ಪಂಚರ್ ಅಂದ್ರು, ಯಾವಾಗ ಸರಿಹೋಗುತ್ತೆ ಅಂದ್ರೆ ಗೊತ್ತಿಲ್ಲ ಅಂದ್ರು. ಆಟೋದಲ್ಲಿ 19 ಕಿಲೋಮೀಟರ್ ಬಂದೆ. ನಮ್ಮೂರ ರಸ್ತೆ ಹೇಗಿದೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಪ್ರತಿ ಹಳ್ಳಕ್ಕೂ ಸೊಂಟ ಎತ್ತಿ ಎತ್ತಿ ಕೂತೆ, ನಾಲ್ಕು ಸಲ ಆಟೋ ನಿಲ್ಲಿಸ್ಕೊಂಡೆ.

ಐದನೇ ದಿನಕ್ಕೆ ಹೊಲಿಗೆ ಬಿಚ್ಚಿತು. ಆರನೇ ದಿನ ಬೆಳಿಗ್ಗೆ ಜ್ವರ. ನಮ್ಮ ಕಡೆ ಎದೆಗೆ ಹಾಲು ಇಳಿಯೋವಾಗ ಮೈ ಬಿಸಿ ಆಗುತ್ತೆ ಅಂತಾರೆ, ಅಮ್ಮ ಹಾಗೇ ಅಂದ್ಕೊಂಡ್ರು, ಕಷಾಯ ಮಾಡಿಕೊಟ್ರು. ಸಂಜೆ ಹೊತ್ತಿಗೆ ನಾನು ನಡುಗ್ತಿದ್ದೆ, ಬಟ್ಟೆ ಬದಲಾಯಿಸೋವಾಗ ಕೆಟ್ಟ ವಾಸನೆ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಓಡಿದ್ವಿ. ಅಲ್ಲಿದ್ದ ಸಿಸ್ಟರ್ ಮೊದಲು ಕೇಳಿದ್ದು ಮಗು ಹಾಲು ಕುಡೀತಿದೆಯಾ ಅಂತ. ಕುಡೀತಿದೆ ಅಂದೆ. ಮಗೂನ ತೂಕ ಮಾಡಿದ್ರು, ಬರ್ಕೊಂಡ್ರು, ಮಗು ಚೆನ್ನಾಗಿದೆಯಲ್ಲಮ್ಮ ಅಂದ್ರು. ನಾನು ನನಗೆ ತುಂಬಾ ನೋವು ಸಿಸ್ಟರ್ ಅಂದ್ರೆ, ಹೆತ್ತ ಮೇಲೆ ನೋವಿಲ್ದೆ ಇರುತ್ತಾ ಅಂದು ಎರಡು ಪ್ಯಾರಾಸಿಟಮಾಲ್ ಕೊಟ್ರು. ಬಟ್ಟೆ ಸರಿಸಿ ನೋಡ್ಲಿಲ್ಲ. ಮೈ ಮುಟ್ಟಿ ಕೂಡ ನೋಡ್ಲಿಲ್ಲ.

ಅದೇ ರಾತ್ರಿ ಪ್ರೈವೇಟ್ ನರ್ಸಿಂಗ್ ಹೋಮಿಗೆ ಸೇರಿಸಿದ್ರು. ಜ್ವರ 103. ಕೀವು ತೆಗೆದು, ಡ್ರಿಪ್ಪಲ್ಲಿ ಆ್ಯಂಟಿಬಯೋಟಿಕ್ ಕೊಟ್ಟು, ಆಮೇಲೆ ಮತ್ತೆ ಹೊಲಿಗೆ ಹಾಕಿದ್ರು. ಎಂಟು ದಿನ, 41 ಸಾವಿರ. ನನ್ನ ಗಂಡ ನನ್ನ ಓಲೆ, ಅಮ್ಮನ ಎರಡು ಬಳೆ ಅಡ ಇಟ್ರು, ಬಳೆ ಇನ್ನೂ ಬಿಡಿಸ್ಕೊಂಡಿಲ್ಲ. ಇನ್ನೊಂದು ದಿನ ತಡ ಆಗಿದ್ರೆ ನಂಜು ರಕ್ತಕ್ಕೆ ಏರ್ತಿತ್ತು ಅಂತ ಡಾಕ್ಟರಮ್ಮ ಅಮ್ಮನಿಗೆ ಬೈದ್ರು. ಅಮ್ಮ ಏನ್ ಮಾಡ್ತಾರೆ ಸಾರ್, ಅವರು ಕರ್ಕೊಂಡು ಹೋಗಿದ್ರಲ್ಲ ಆಸ್ಪತ್ರೆಗೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಒಂದೂವರೆ ತಿಂಗಳ ಇಂಜೆಕ್ಷನ್ನಿಗೆ ಗುರುವಾರ ಮಗೂನ ಕರ್ಕೊಂಡು ಹೋದಾಗ ತಾಯಿ ಕಾರ್ಡ್ ತಗೊಂಡ್ರು, ಏನೋ ಬರೆದು ವಾಪಸ್ ಕೊಟ್ರು. ಮನೆಗೆ ಬಂದು ನೋಡ್ತೀನಿ, ಹೆರಿಗೆ ನಂತರದ ಆರೈಕೆ ಅನ್ನೋ ಕಡೆ 3ನೇ ದಿನ, 7ನೇ ದಿನ, ಆರನೇ ವಾರ, ಮೂರೂ ಸಾಲು ತುಂಬಿದೆ. ಮೂರಕ್ಕೂ ಬಿಪಿ 110/70. ಜ್ವರ, ಮೂರಕ್ಕೂ ನಾರ್ಮಲ್. ಹೊಲಿಗೆ ಅನ್ನೋ ಜಾಗದಲ್ಲಿ ಮೂರಕ್ಕೂ ಹೆಲ್ದಿ. ಒಂದೇ ನೀಲಿ ಪೆನ್ನು, ಒಂದೇ ಕೈಬರಹ, ಒಂದೇ ಕೂತಲ್ಲಿ ಬರೆದಿದ್ದು. ಏಳನೇ ದಿನ ನಾನು ಬೇರೆ ಆಸ್ಪತ್ರೆಯಲ್ಲಿ ಕೈಗೆ ಡ್ರಿಪ್ ಹಾಕ್ಕೊಂಡು ಮಲಗಿದ್ದೆ. ಆವತ್ತು ನನ್ನ ಬಿಪಿ ಯಾರು ನೋಡಿದ್ರು? ನನ್ನ ಹೊಲಿಗೆ ಹೆಲ್ದಿ ಅಂತ ಯಾರು ಕಂಡ್ರು? ಈ ಕಾರ್ಡ್ ನೋಡಿದಾಗ ನನಗೆ ಅಳು ಬಂತು. ಅಷ್ಟು ನೋವಲ್ಲೂ ನಾನು ಅತ್ತಿರ್ಲಿಲ್ಲ. ನಾಳೆ ನಿಮ್ಮ ತಾಲೂಕಿನ ಲೆಕ್ಕದಲ್ಲಿ ನಾನು ಪೂರ್ತಿ ಆರೈಕೆ ಪಡೆದ ಬಾಣಂತಿ ಅಂತ ಇರ್ತೀನಿ. ಆ ಲೆಕ್ಕ ಸುಳ್ಳು ಸಾರ್. ಕಾರ್ಡ್ ನನ್ನ ಹತ್ರ ಜೋಪಾನವಾಗಿ ಇದೆ, ಯಾವಾಗ ಬೇಕಾದ್ರೂ ತೋರಿಸ್ತೀನಿ.

ಆಶಾ ಅಕ್ಕನ ಮೇಲೆ ಕೋಪ ತೀರಿಸ್ಕೊಳ್ಬೇಡಿ. ಅಕ್ಕ ಹದಿನೈದನೇ ದಿನ ಒಂದು ಸಲ ಬಂದ್ರು, ಬಂದು ನಿಜವಾಗಿ ಕೂತು ಮಾತಾಡಿಸಿದ್ರು, ನನ್ನ ಗಾಯ ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಅವರಿಗೆ ಎರಡು ಊರು, ಸರ್ವೆ, ಮೊಬೈಲಲ್ಲಿ ಎಂಟ್ರಿ. ಆರು ಸಲ ಮನೆಗೆ ಬಂದು ನೋಡೋದಕ್ಕೆ ಕೊಡೋದು 250 ರೂಪಾಯಿ, ಒಂದು ಸಲಕ್ಕೆ ಅಲ್ಲ, ಆರಕ್ಕೂ ಸೇರಿ. ಗೌರವಧನ ಹೆಚ್ಚಿಸಿ ಅಂತ 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಲ್ಲಿ ಕೂತಿದ್ದೂ ಇವರೇ.

ಬಾಣಂತನ ಅಂದ್ರೆ ನಮ್ಮಲ್ಲಿ ಮನೆ ಹೆಂಗಸರ ಕೆಲಸ ಅಂತ ಬಿಟ್ಟುಬಿಟ್ಟಿದ್ದಾರೆ. ಅಮ್ಮ ನನಗೆ ಮಾಡಿದ್ದು ನಾನು ಜನ್ಮದಲ್ಲಿ ಮರೆಯೋಕಾಗಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹಂಡೆಗೆ ಉರಿ ಹಾಕೋರು, ಎಣ್ಣೆ ಹಚ್ಚಿ ನೀವೋರು, ಸಾಂಬ್ರಾಣಿ ಹಾಕಿ ತಲೆ ಒಣಗಿಸೋರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು. ಆ ಬಿಸಿನೀರಿಂದಾನೇ ನನ್ನ ಸೊಂಟ ನಿಂತಿದ್ದು. ಆದ್ರೆ ನೀರು ಜಾಸ್ತಿ ಕುಡೀಬಾರ್ದು, ಹೊಟ್ಟೆ ಬರುತ್ತೆ ಅಂತ ದಿನಕ್ಕೆ ಎರಡು ಲೋಟಕ್ಕಿಂತ ಜಾಸ್ತಿ ಕೊಡ್ತಿರ್ಲಿಲ್ಲ. ಹೊಲಿಗೆ ಇರೋಳಿಗೆ ಮಲಬದ್ಧತೆ ಆದ್ರೆ ಹೇಗಿರುತ್ತೆ ಅಂತ ಅನುಭವಿಸಿದೋಳಿಗೇ ಗೊತ್ತು. ನರ್ಸಿಂಗ್ ಹೋಮ್ ಡಾಕ್ಟರಮ್ಮ ನೀರು ಚೆನ್ನಾಗಿ ಕುಡಿ, ಹಾಲು ಕುಡಿಸೋಳಿಗೆ ಇನ್ನೂ ಜಾಸ್ತಿ ಬೇಕು ಅಂದ್ರು. ಅಮ್ಮ ಆವತ್ತಿಂದಾನೇ ಚೊಂಬು ತುಂಬಿ ಪಕ್ಕದಲ್ಲಿ ಇಡೋಕೆ ಶುರು ಮಾಡಿದ್ರು. ಹೇಳೋರು ಹೇಳಿದ್ರೆ ಮನೆಯೋರು ಕೇಳ್ತಾರೆ ಸಾರ್.

ಇನ್ನೊಂದು ವಿಷ್ಯ, ಹೇಳೋಕೆ ನಾಚಿಕೆ ಆಗುತ್ತೆ ಆದ್ರೂ ಹೇಳ್ತೀನಿ, ನನ್ನಂಥೋರು ಬಹಳ ಜನ ಇದ್ದಾರೆ. ಮೂರು ತಿಂಗಳು ಕೆಮ್ಮಿದ್ರೆ, ಸೀನಿದ್ರೆ, ಬಿಂದಿಗೆ ಎತ್ತಿದ್ರೆ ನನಗೆ ಮೂತ್ರ ಜಿನುಗ್ತಿತ್ತು. ಮದುವೆ ಮನೆಗೆ ಹೋಗೋದು ಬಿಟ್ಟೆ. ಅತ್ತೆಗೆ ಹೇಳಿದ್ರೆ ನನಗೂ ಹಾಗೇ, ಇಪ್ಪತ್ತೈದು ವರ್ಷದಿಂದ ಅಂದ್ರು! ಹೊಲಿಗೆ ತೋರಿಸೋಕೆ ಹೋದಾಗ ಡಾಕ್ಟರಮ್ಮನೇ ಕೇಳಿದ್ರು, ಕೇಳಿದ್ದಕ್ಕೆ ಹೇಳ್ದೆ. ಮೂತ್ರ ತಡೆಯೋ ಥರ ಕೆಳಗಿನ ಸ್ನಾಯು ಬಿಗಿ ಹಿಡಿದು, ಹತ್ತು ಎಣಿಸೋವರೆಗೂ ಇಟ್ಕೊಂಡು ಬಿಡ್ಬೇಕು, ದಿನಕ್ಕೆ ಮೂರು ಸಲ, ಮಲಗಿದ್ದಲ್ಲೇ ಮಾಡ್ಬಹುದು. ಎರಡು ತಿಂಗಳಲ್ಲಿ ಬಹುಪಾಲು ಸರಿಹೋಯ್ತು. ಹೇಳಿಕೊಡೋಕೆ ಅವರಿಗೆ ಹಿಡಿದಿದ್ದು ಐದು ನಿಮಿಷ. ನಮ್ಮತ್ತೆ ಇಪ್ಪತ್ತೈದು ವರ್ಷ ಅನುಭವಿಸಿದ್ದಾರೆ.

ಅದಕ್ಕೇ ಗುರುವಾರ ಅಂತಿರೋದು. ಬಾಣಂತಿ ತನ್ನ ನೋವಿಗೆ ಅಂತ ಮನೆಯಿಂದ ಹೊರಗೆ ಬರಲ್ಲ, ಬರೋಕೆ ಬಿಡೋದೂ ಇಲ್ಲ. ಮಗು ಇಂಜೆಕ್ಷನ್ನಿಗೆ ಮಾತ್ರ ಯಾರೂ ತಡೆಯಲ್ಲ, ಒಂದೂವರೆ ತಿಂಗಳಿಗೆ ಸರಿಯಾಗಿ ಅವಳೇ ನಿಮ್ಮ ಸಿಬ್ಬಂದಿ ಮುಂದೆ ಬಂದು ಕೂತಿರ್ತಾಳೆ. ಅವತ್ತು ಅವಳನ್ನೂ ಒಳಗೆ ಕರೀರಿ. ಬಿಪಿ, ಹಿಮೋಗ್ಲೋಬಿನ್, ಹೊಲಿಗೆ, ಎದೆಯಲ್ಲಿ ಹಾಲು ಕಟ್ಟಿದೆಯಾ, ಮೂತ್ರ ಹೇಗಿದೆ, ನಿದ್ದೆ ಬರ್ತಿದೆಯಾ, ಸುಮ್ಮಸುಮ್ಮನೆ ಅಳು ಬರುತ್ತಾ, ಇಷ್ಟು ಕೇಳಿ, ನೋಡಿ, ಆಮೇಲೆ ಕಾರ್ಡಲ್ಲಿ ಬರೀರಿ. ನೋಡಿ ಬರೀರಿ. ಮೊದಲ ವಾರದ್ದು ಗುರುವಾರಕ್ಕೆ ಕಾಯೋಕಾಗಲ್ಲ, ನನ್ನ ಹೊಲಿಗೆ ಬಿಚ್ಚಿದ್ದು ಐದನೇ ದಿನಕ್ಕೆ, ಅದಕ್ಕೆ 48 ಗಂಟೆ ಇಟ್ಕೊಳ್ಳಿ, ಗಾಡಿ ಕೊಡಿ, ಏಳನೇ ದಿನದೊಳಗೆ ಒಬ್ಬರು ಮನೆಗೆ ಬರ್ಲಿ.

2024ರ ನವೆಂಬರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಎಲ್ಲಾ ಪಕ್ಷದೋರೂ ಮಾತಾಡಿದ್ರಿ. 2018-20ರ ಕೇಂದ್ರದ ಲೆಕ್ಕದಲ್ಲಿ ಒಂದು ಲಕ್ಷ ಹೆರಿಗೆಗೆ ಕೇರಳದಲ್ಲಿ 19 ತಾಯಂದಿರು ಸತ್ತರೆ ನಮ್ಮಲ್ಲಿ 69, ದಕ್ಷಿಣದ ಐದು ರಾಜ್ಯದಲ್ಲಿ ನಮ್ಮದೇ ಜಾಸ್ತಿ. ಸತ್ತೋರ ಲೆಕ್ಕನಾದ್ರೂ ಇದೆ. ನನ್ನ ಹಾಗೆ ಸಾಯದೇ ಉಳಿದು, ಒಂದು ಕಡೆ ಒರಗಿ ಕೂತು ಹಾಲು ಕುಡಿಸೋರ ಲೆಕ್ಕ ಎಲ್ಲಿದೆ?

ಆಸ್ಪತ್ರೆಗೆ ನೀವು ಬಂದಾಗ ಹೊಸ ಕಟ್ಟಡ ತೋರಿಸ್ತಾರೆ, ಬಾಣಂತಿ ವಾರ್ಡಿನ ಟಾಯ್ಲೆಟ್ ಬಾಗಿಲು ತೋರಿಸಲ್ಲ. ಮುಂದಿನ ಸಲ ಅಲ್ಲಿಗೆ ನಡ್ಕೊಂಡು ಹೋಗಿ ನೋಡಿ ಸಾರ್, ಎಡಗಡೆ ಕೊನೇದು. ಒಂದು ಚಿಲಕ ಹಾಕ್ಸಿ. ಬಿಸಿನೀರಿಗೆ ಒಂದು ಗೀಸರ್ ಹಾಕ್ಸಿ. ಮತ್ತೆ ಗುರುವಾರ ಬಾಣಂತೀನೂ ನೋಡ್ಬೇಕು ಅಂತ ಒಂದು ಆದೇಶ ಮಾಡಿಸಿ, ನಾನು ಕೇಳಿದ್ದನ್ನೇ ಕೇಳ್ತಿದ್ದೀನಿ ಅಂತ ಬೇಜಾರು ಮಾಡ್ಕೊಬೇಡಿ, ಮಾಡಿಸೋವರೆಗೂ ಕೇಳ್ತೀನಿ.

ಮಗಳಿಗೆ ಒಂಬತ್ತು ತಿಂಗಳ ಇಂಜೆಕ್ಷನ್ ಬಾಕಿ ಇದೆ, ಇನ್ನೆರಡು ತಿಂಗಳು. ಅವತ್ತು ಪಕ್ಕದ ಬೀದಿ ಹುಡುಗಿ ಕೂಡ ತನ್ನ ಮಗೂನ ಕರ್ಕೊಂಡು ಬರ್ತಾಳೆ, ಜೊತೇಲೇ ಬರ್ತೀವಿ. ಪರದೆ ಕಟ್ಟಿದ್ದಾರಾ, ಮಂಚ ಇದೆಯಾ ನೋಡ್ತೀನಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಬಾಣಂತಿ