ತರಕಾರಿ ಬಲೆಗೆ ಹಾವು ಸಿಕ್ಕಿದರೆ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತರಕಾರಿಗೆ, ಕೋಳಿಗೂಡಿಗೆ ನೈಲಾನ್ ಬಲೆ ಕಟ್ಟಿದವರು ದಯವಿಟ್ಟು ಓದಿ.

ಹಾವು ಸಿಕ್ಕಿದ್ದು ಕಂಡರೆ ಎಳೆಯಬೇಡಿ. ಪರೆಗಳು ಹಿಂದಕ್ಕೆ ವಾಲಿರುವುದರಿಂದ ಅದು ಹಿಂದೆ ಸರಿದಷ್ಟೂ ನೂಲು ಪರೆಯಡಿಗೆ ಹೊಕ್ಕು ಚರ್ಮ ಕೊಯ್ಯುತ್ತದೆ. ಬಿಸಿಲಲ್ಲಿದ್ದರೆ ದೂರದಿಂದ ಉದ್ದ ಕೋಲಿನಲ್ಲಿ ಒದ್ದೆ ಗೋಣಿ ಹೊದೆಸಿ. ಬಲೆಗಿಂತ ಬಿಸಿಲೇ ಬೇಗ ಕೊಲ್ಲುತ್ತದೆ. ಮಕ್ಕಳನ್ನು, ನಾಯಿಯನ್ನು ದೂರ ಇಡಿ. ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪ್‌ನಲ್ಲಿ ಲೊಕೇಶನ್ ಆನ್ ಮಾಡಿದರೆ ಹತ್ತಿರದ ಪರವಾನಗಿ ಇರುವ ಹಾವು ಹಿಡಿಯುವವರ ನಂಬರ್ ಸಿಗುತ್ತದೆ. ಬಲೆ ಕತ್ತರಿಸುವ ಕೆಲಸ ಅವರದ್ದು. ("ಇದು ಬರೀ ಕೇರೆ" ಎಂದು ಕೈ ಹಾಕುವ ಧೈರ್ಯ ಬೇಡ.)

ಹೆಬ್ಬಾವು, ನಾಗರಹಾವು, ಕೊಳಕುಮಂಡಲ ಮೂರೂ 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ (ಹೆಚ್ಚಿನ ರಕ್ಷಣೆ ಇರುವ ಪ್ರಾಣಿಗಳ ಪಟ್ಟಿ). ಕೊಂದರೆ ಕನಿಷ್ಠ 3 ವರ್ಷ ಜೈಲು.

ಬಲೆಯ ಕೆಳಗಿನ ಒಂದೂವರೆ ಅಡಿಗೆ ನೈಲಾನ್ ಬದಲು ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿ, ಬುಡ ಮಣ್ಣಲ್ಲಿ ಹೂತುಬಿಡಿ. ಬೆಳೆ ಮುಗಿದ ಮೇಲೆ ನೆಲದಲ್ಲಿ ಬಿದ್ದ ಬಲೆ ಸುತ್ತಿ ಮೇಲೆತ್ತಿಡಿ, ಹೆಚ್ಚು ಹಾವು ಸಿಕ್ಕುವುದು ಅದರಲ್ಲೇ.

ಜಾಲರಿ ಒಟ್ಟಿಗೆ ತರಿಸುವವರು ಭಾನುವಾರದೊಳಗೆ ಎಷ್ಟು ಮೀಟರ್ ಬೇಕೆಂದು ಇಲ್ಲೇ ಬರೆಯಿರಿ.